ಪಡಿಚೀಟಿಯ ಚರಿತ್ರೆ: ತುಟ್ಟಿಯ ಕಾಲದಲ್ಲಿ ಸರಕಾರವೂ ನಮ್ಮ ಸಂಸಾರಗಳೂ

ರಾಜ್ಯೋತ್ಸವದ ಸಂಚಿಕೆಯೆಂದರೆ ಕದಂಬರಿಂದ ಮೊದಲ್ಗೊಂಡು ವಿಜಯನಗರದವರೆಗಿನ ವೈಭವವನ್ನು ನೆನೆಯುವುದು ವಾಡಿಕೆ. ಅದು ತಕ್ಕುದೇ ಸರಿ. ಆದರೆ ಊರು ಬಿಟ್ಟು ಮುಂಬಯಿಗೆ ಬಂದು, ಚಾಳಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ ನಮ್ಮ ಹಿರಿಯರ ಚರಿತ್ರೆಯನ್ನು ಬರೆಯಹೊರಟರೆ ನಮಗೆ ಶಿಲಾಶಾಸನಗಳು ದೊರೆಯುವುದಿಲ್ಲ. ತಗಡಿನ ಟ್ರಂಕಿನ ತಳದಲ್ಲಿ, ಜಾತಕಗಳ ಮತ್ತು ಶಾಲೆಯ ಸರ್ಟಿಫಿಕೇಟುಗಳ ನಡುವೆ, ಅಂಚು ಹರಿದ ಒಂದು ಕಾರ್ಡು ಮಾತ್ರ ಸಿಕ್ಕೀತು. ಮನೆಯ ಯಜಮಾನನ ಹೆಸರು, ವಿಳಾಸ, ಇಷ್ಟು ಮಂದಿ ದೊಡ್ಡವರು, ಇಷ್ಟು ಮಂದಿ ಮಕ್ಕಳು, ಇಂಥ ಅಂಗಡಿ ಎಂದು ಅದರಲ್ಲಿ ಬರೆದಿರುತ್ತದೆ. ಅದೇ ರೇಷನ್ ಕಾರ್ಡು. ನಮ್ಮ ಮಾತಿನಲ್ಲಿ ಪಡಿಚೀಟಿ.

ಪೇಟೆಯಲ್ಲಿ ಬೆಲೆಗಳು ಏರಿದಾಗ ಬಡ ಮತ್ತು ಮಧ್ಯಮ ವರ್ಗದ ಸಂಸಾರಗಳಿಗೆ ಸರಕಾರ ಹೇಗೆ ಆಸರೆಯಾಯಿತು, ಎಲ್ಲಿ ಆಗಲಿಲ್ಲ, ಊರು ಬಿಟ್ಟು ಬಂದವರ ಪಾಲಿಗೆ ಆ ಆಸರೆ ಎಷ್ಟು ದಕ್ಕಿತು ಎಂಬುದನ್ನು ಈ ಕಾರ್ಡಿನ ನೆಪದಲ್ಲಿ ಸಂಕ್ಷೇಪವಾಗಿ ನೋಡೋಣ.

ಬರಗಾಲದ ಪಾಠ

‘ಪಡಿ’ ಎಂಬುದು ನಮ್ಮಲ್ಲಿ ಹಳೆಯ ಮಾತು. ಅಳತೆಯ ಪಾತ್ರೆಗೂ ಪಡಿ ಎನ್ನುತ್ತಾರೆ, ಅಳೆದು ಕೊಡುವ ಧಾನ್ಯಕ್ಕೂ ಪಡಿ ಎನ್ನುತ್ತಾರೆ. ದೇವಸ್ಥಾನಗಳ ನಿತ್ಯದ ಪೂಜೆ ನೈವೇದ್ಯಗಳಿಗೆಂದು ಗೊತ್ತುಮಾಡಿದ ಧಾನ್ಯಕ್ಕೂ ಹಣಕ್ಕೂ ಮೈಸೂರು ಸೀಮೆಯಲ್ಲಿ ‘ಪಡಿತರ’ವೆಂದು ಹೆಸರು. ದೇವರಿಗೆ ಸಲ್ಲುತ್ತಿದ್ದ ಆ ಮಾತು ಇಪ್ಪತ್ತನೆಯ ಶತಮಾನದಲ್ಲಿ ಸಾಮಾನ್ಯ ಮನುಷ್ಯನ ಊಟಕ್ಕೆ ಸಂದಿತು. ಆಪತ್ಕಾಲಕ್ಕಾಗಿ ಉಗ್ರಾಣದ ಅರ್ಧಭಾಗವನ್ನು ಬೇರೆಯಾಗಿಡಬೇಕೆಂದು ಕೌಟಿಲ್ಯನ ಅರ್ಥಶಾಸ್ತ್ರ ವಿಧಿಸಿತ್ತು. ದಿಲ್ಲಿಯಲ್ಲಿ ಅಲ್ಲಾವುದ್ದೀನ ಖಿಲ್ಜಿಯು ಧಾನ್ಯಕ್ಕೆ ಕಟ್ಟಾದ ಬೆಲೆ ನಿಗದಿಮಾಡಿ ಸರಕಾರಿ ಕಣಜಗಳನ್ನು ತುಂಬಿಸಿದ್ದನೆಂದು ಬರನಿ ಬರೆದಿದ್ದಾನೆ. ಆದರೆ ಇವು ಅರಸನ ಇಚ್ಛೆಯ ಮಾತು. ಪ್ರಜೆಯ ಹಕ್ಕಿನ ಮಾತಲ್ಲ.

ಈ ಹಕ್ಕಿನ ವಿಚಾರ ಹುಟ್ಟಲು ನಮ್ಮ ಸೀಮೆ ಬಹು ದೊಡ್ಡ ಬೆಲೆ ತೆತ್ತಿದೆ. ಧಾತು ಮತ್ತು ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮ ಬಳ್ಳಾರಿ, ಧಾರವಾಡ, ಬಿಜಾಪುರಗಳನ್ನೂ ಮೈಸೂರು ಸಂಸ್ಥಾನವನ್ನೂ ಬರಿದುಮಾಡಿತು. 1871ರ ಜನಗಣತಿಯಲ್ಲಿ ಮೈಸೂರಿನ ಜನಸಂಖ್ಯೆ 50 ಲಕ್ಷ 55 ಸಾವಿರವಿದ್ದದ್ದು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಮಿಕ್ಕಿ ಕುಗ್ಗಿತೆಂದರೆ ಆ ಕಾಲದ ಘೋರವನ್ನು ಬೇರೆ ವರ್ಣಿಸಬೇಕಾಗಿಲ್ಲ. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವೂ ಅಲ್ಪ ಚಿಲ್ಲರೆಯೂ ಸಾಕೆಂದು ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಗೊತ್ತುಮಾಡಿದ. ‘ಒಂದು ಪೌಂಡು’ ಎಂಬ ಈ ಅಳತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೊಮ್ಮೆ ಬರುತ್ತದೆ.

ಆ ಕ್ಷಾಮದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ರೈಲು ಬಂಡಿಯಲ್ಲಿ ಧಾನ್ಯ ಬರುತ್ತಿತ್ತು. ವರ್ತಕರ ಮಳಿಗೆಗಳಲ್ಲಿ ಮೂಟೆಗಳೂ ಇದ್ದವು. ಬೆಳೆ ಹೋದ ರೈತನ ಕೈಯಲ್ಲಿಯೂ ಕೆಲಸ ಹೋದ ಕೂಲಿಯ ಕೈಯಲ್ಲಿಯೂ ಆ ಬೆಲೆಗೆ ಕೊಳ್ಳುವ ಕಾಸು ಇರಲಿಲ್ಲ. ಬರವೆಂದರೆ ಮಳೆ ಬಾರದಿರುವುದು ಮಾತ್ರವಲ್ಲ, ಬೆಲೆಗೂ ಗಳಿಕೆಗೂ ನಡುವೆ ಬಿದ್ದ ಕಂದಕ ಎಂಬ ತಿಳಿವು ಇಲ್ಲಿಂದ ಮೊದಲಾಯಿತು. 1880ರಲ್ಲಿ ಕ್ಷಾಮ ಆಯೋಗವು ವರದಿ ಕೊಟ್ಟಿತು. ಅದರ ಬೆನ್ನಿಗೆ ಕ್ಷಾಮ ಸಂಹಿತೆಗಳು ರೂಪುಗೊಂಡವು. ಆದರೆ ಅವು ಹಳ್ಳಿಗಾಗಿ ಬರೆದ ನಿಯಮಗಳು. ಪಟ್ಟಣದಲ್ಲಿ ಸಂಬಳಕ್ಕೆ ದುಡಿಯುವವನ ಮನೆಯಲ್ಲಿ ಬೆಲೆಯೇರಿಕೆಯಿಂದ ಆಗುವ ನಿತ್ಯದ ಸಣ್ಣ ಬರಕ್ಕೆ ಅವುಗಳಲ್ಲಿ ಮದ್ದಿರಲಿಲ್ಲ.

ತುಟ್ಟಿಭತ್ಯೆಯ ಹುಟ್ಟು

ಆ ಮದ್ದನ್ನು ಹುಡುಕಿದವರು ಗಿರಣಿ ಕಾರ್ಮಿಕರು. ಮೊದಲನೆಯ ಮಹಾಯುದ್ಧದಲ್ಲಿ ಬಟ್ಟೆ, ಧಾನ್ಯ, ಸೀಮೆಎಣ್ಣೆಗಳ ಬೆಲೆ ಏರಿದಾಗ ಮುಂಬಯಿಯ ಗಿರಣಿಗಳಲ್ಲಿ ಸಂಬಳದ ಮೇಲೆ ಯುದ್ಧಕಾಲದ ಭತ್ಯೆ ಕೊಡುವ ಪದ್ಧತಿ ಬಂತು. ಅಹಮದಾಬಾದಿನಲ್ಲಿ ಪ್ಲೇಗಿನ ನಿಮಿತ್ತ ಕೊಡುತ್ತಿದ್ದ ಬೋನಸ್ಸನ್ನು ನಿಲ್ಲಿಸಿದ್ದರಿಂದ 1918ರಲ್ಲಿ ವ್ಯಾಜ್ಯ ಹುಟ್ಟಿತು. ಮಾಲಿಕರು ನೂರಕ್ಕೆ 20 ಕೊಡುತ್ತೇವೆಂದರು. ಗಾಂಧೀಜಿಯವರು ಬೆಲೆಗಳನ್ನು ವಿಚಾರಿಸಿ ನೂರಕ್ಕೆ 35 ನ್ಯಾಯವೆಂದರು. ಮುಷ್ಕರವಾಯಿತು, ಮಾರ್ಚಿಯಲ್ಲಿ ಅವರ ಉಪವಾಸವೂ ಆಯಿತು. ಕೊನೆಗೆ ಆಚಾರ್ಯ ಆನಂದಶಂಕರ ಧ್ರುವರ ಪಂಚಾಯಿತಿಕೆಯಲ್ಲಿ 35ರ ತೀರ್ಪೇ ನಿಂತಿತು. ತುಟ್ಟಿಗೆ ತಕ್ಕಂತೆ ಸಂಬಳ ಏರಬೇಕೆಂಬುದು ಮಾಲಿಕನ ಔದಾರ್ಯವಲ್ಲ, ಲೆಕ್ಕದ ಮಾತು ಎಂಬುದು ಇದರಿಂದ ಸ್ಥಿರಪಟ್ಟಿತು.

ಲೆಕ್ಕವೆಂದಮೇಲೆ ಲೆಕ್ಕ ಇಡುವವರು ಬೇಡವೇ? 1921ರಲ್ಲಿ ಮುಂಬಯಿ ಸರಕಾರ ಲೇಬರ್ ಆಫೀಸನ್ನು ತೆರೆಯಿತು. ಕಾರ್ಮಿಕರ ಮನೆಗಳಲ್ಲಿ ಅಕ್ಕಿಗೆಷ್ಟು, ಬೇಳೆಗೆಷ್ಟು, ಬಾಡಿಗೆಗೆಷ್ಟು, ಎಣ್ಣೆಗೆಷ್ಟು ಎಂದು ವಿಚಾರಿಸಿ, 1914ರ ಜುಲೈ ತಿಂಗಳಿನ ಬೆಲೆಯನ್ನು ನೂರೆಂದು ಹಿಡಿದು, ತಿಂಗಳು ತಿಂಗಳು ಜೀವನವೆಚ್ಚದ ಸೂಚ್ಯಂಕ ಪ್ರಕಟಿಸುವುದು ಆಗಿನಿಂದ ಮೊದಲಾಯಿತು. ಮುಂದೆ 1933-34ನ್ನು ಮೂಲವರ್ಷವಾಗಿ ಹಿಡಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಗಿರಣಿಗಳ ತುಟ್ಟಿಭತ್ಯೆ ಈ ಅಂಕಿಗೆ ಗಂಟುಬಿದ್ದಿತು. ಇಂದು ಸರಕಾರಿ ನೌಕರರಿಗೆ ಜನವರಿಯಲ್ಲೊಮ್ಮೆ ಜುಲೈಯಲ್ಲೊಮ್ಮೆ ಪರಿಷ್ಕೃತವಾಗುವ ಭತ್ಯೆಯ ಮೂಲ ಇಂಥ ಹೋರಾಟಗಳಲ್ಲಿಯೇ ಇದೆ.

ಆದರೆ ಭತ್ಯೆ ದೊರೆಯುವುದು ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಮುಂಬಯಿಗೆ ಬಂದ ಕನ್ನಡಿಗರಲ್ಲಿ ಬ್ಯಾಂಕು, ರೈಲ್ವೆ, ಸರಕಾರಿ ಕಚೇರಿಗಳನ್ನು ಸೇರಿದವರು ಆ ಭಾಗ್ಯವನ್ನು ಕಂಡರು. ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದ ದಕ್ಷಿಣ ಕನ್ನಡದ ಹುಡುಗನಿಗೂ ಕಟ್ಟಡದ ಕೆಲಸಕ್ಕೆ ಬಂದ ಬಿಜಾಪುರ ಗುಲಬರ್ಗಾ ಕಡೆಯ ಗಂಡಹೆಂಡಿರಿಗೂ ಸೂಚ್ಯಂಕ ಏರಿದರೂ ಒಂದೇ, ಇಳಿದರೂ ಒಂದೇ. ಅವರಿಗೆ ಬೇಕಾಗಿದ್ದುದು ಕೊಳ್ಳಬಲ್ಲ ಬೆಲೆಯ ಧಾನ್ಯ.

1943ರ ಮೇ ತಿಂಗಳು

1942ರ ಮಾರ್ಚಿಯಲ್ಲಿ ರಂಗೂನು ಜಪಾನೀಯರ ಕೈಸೇರಿತು. ಬರ್ಮಾದ ಅಕ್ಕಿ ನಿಂತುಹೋಯಿತು. ಸೈನ್ಯದ ಖರೀದಿ, ನೋಟುಗಳ ಮುದ್ರಣ, ವರ್ತಕರ ದಾಸ್ತಾನು ಎಲ್ಲವೂ ಒಂದುಗೂಡಿ ಬೆಲೆಗಳು ಹಾರಿದವು. ಯುದ್ಧಕ್ಕೆ ಮೊದಲು ನೂರರ ಆಸುಪಾಸಿನಲ್ಲಿದ್ದ ಮುಂಬಯಿಯ ಸೂಚ್ಯಂಕ 1943ರ ಹೊತ್ತಿಗೆ ಇಮ್ಮಡಿಯನ್ನು ಮೀರಿತು. 1942ರ ಡಿಸೆಂಬರಿನಲ್ಲಿ ಭಾರತ ಸರಕಾರ ಆಹಾರಕ್ಕೆಂದೇ ಒಂದು ಇಲಾಖೆ ತೆರೆಯಿತು. 1943ರ ಮೇ 2ರಂದು ಮುಂಬಯಿ ನಗರದಲ್ಲಿ ರೇಷನ್ ಪದ್ಧತಿ ಜಾರಿಗೆ ಬಂತು. ಇದರ ಹೊಣೆ ಹೊತ್ತವರಲ್ಲಿ ಪ್ರಮುಖರು ಎ. ಡಿ. ಗೋರ್ವಾಲಾ ಎಂಬ ಐ.ಸಿ.ಎಸ್. ಅಧಿಕಾರಿ. ಅದೇ ವರ್ಷ ಬಂಗಾಳದಲ್ಲಿ ಲಕ್ಷೋಪಲಕ್ಷ ಜನ ಹಸಿವಿನಿಂದಲೂ ರೋಗದಿಂದಲೂ ಸತ್ತರು. ಕಲಕತ್ತೆಯಲ್ಲಿ ಪೂರ್ಣ ರೇಷನ್ ಬಂದದ್ದು 1944ರ ಜನವರಿ ಕೊನೆಗೆ. ಸಮಯಕ್ಕೆ ಮಾಡಿದ ವ್ಯವಸ್ಥೆಗೂ ತಡವಾಗಿ ಮಾಡಿದ್ದಕ್ಕೂ ಇರುವ ಅಂತರವನ್ನು ಈ ಎರಡು ನಗರಗಳು ತೋರಿಸಿಕೊಟ್ಟವು.

ಕಡ್ಡಾಯ ರೇಷನ್ ಎಂದರೇನೆಂದು ಈಗಿನ ಎಳೆಯರಿಗೆ ಬಿಡಿಸಿ ಹೇಳಬೇಕು. ಧಾನ್ಯದ ಮುಕ್ತ ಮಾರಾಟ ನಿಷಿದ್ಧ. ಸಿರಿವಂತನಿಗಾಗಲಿ ಜಾಡಮಾಲಿಗಾಗಲಿ ತಲೆಗೆ ಇಷ್ಟೇ ಎಂದು ಗೊತ್ತು. ಅದನ್ನು ಒದಗಿಸುವ ಹೊಣೆ ಸರಕಾರದ್ದು. 1943ರಲ್ಲಿ ಗ್ರೆಗರಿಯವರ ಅಧ್ಯಕ್ಷತೆಯ ಆಹಾರಧಾನ್ಯ ನೀತಿ ಸಮಿತಿಯು, ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಪಟ್ಟಣಗಳಲ್ಲೆಲ್ಲ ರೇಷನ್ ತರಬೇಕು, ದೊಡ್ಡವರಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಸಲ್ಲಬೇಕು ಎಂದಿತು. ಟೆಂಪಲ್ ಸಾಹೇಬನ ಅದೇ ಒಂದು ಪೌಂಡು! ಹೆಚ್ಚುಕಡಿಮೆ ಅರ್ಧ ಸೇರು. ಅಂದು ಅದು ಕಲ್ಲು ಒಡೆದವನಿಗೆ ಎಸೆದ ಕೂಲಿಯಾಗಿತ್ತು. ಈಗ ನಗರವಾಸಿಯಾದ ಪ್ರತಿಯೊಬ್ಬನ ಪಾಲಾಯಿತು. 1946ರಲ್ಲಿ ಧಾನ್ಯದ ಅಭಾವದಿಂದ ಅದನ್ನು 12 ಔನ್ಸಿಗೆ ಇಳಿಸಬೇಕಾಯಿತು.

ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರಗಳಿಂದ ಬಂದವರು ಮುಂಬಯಿ ಪ್ರಾಂತದ ಪ್ರಜೆಗಳೇ ಆಗಿದ್ದರು. ಮಂಗಳೂರು ಉಡುಪಿಯವರು ಮದರಾಸು ಪ್ರಾಂತದವರು. ಮೈಸೂರಿನವರು ಮಹಾರಾಜರ ಪ್ರಜೆಗಳು. ಕಲಬುರ್ಗಿ ರಾಯಚೂರಿನವರು ನಿಜಾಮನ ಸೀಮೆಯವರು. ಆದರೆ ರೇಷನ್ ಕಾರ್ಡು ಕೇಳಿದ್ದು ‘ನೀನು ಯಾವ ಸೀಮೆಯವನು’ ಎಂದಲ್ಲ. ‘ಈಗ ಎಲ್ಲಿ ಉಣ್ಣುತ್ತೀಯೆ’ ಎಂದು. ನಾಲ್ಕು ಆಡಳಿತಗಳಲ್ಲಿ ಹರಿದುಹಂಚಿಹೋಗಿದ್ದ ಕನ್ನಡಿಗರು ಮುಂಬಯಿಯ ರೇಷನ್ ಅಂಗಡಿಯ ಸಾಲಿನಲ್ಲಿ ಒಂದೇ ಬಗೆಯ ಕಾರ್ಡು ಹಿಡಿದು ನಿಂತರು. ಕನ್ನಡನಾಡು ಒಂದಾಗುವುದಕ್ಕೆ ಇನ್ನೂ ಹದಿಮೂರು ವರ್ಷವಿತ್ತು.

ಕಷ್ಟಗಳೇನೂ ಕಡಮೆಯಿರಲಿಲ್ಲ. ಕುಚ್ಚಲಕ್ಕಿಯ ಗಂಜಿಗೆ ಒಗ್ಗಿದ ಕರಾವಳಿಯ ನಾಲಗೆಗೂ ಜೋಳದ ರೊಟ್ಟಿಗೆ ಒಗ್ಗಿದ ಬಯಲುಸೀಮೆಯ ನಾಲಗೆಗೂ ಅಂಗಡಿಯಲ್ಲಿ ಬಂದದ್ದೇ ಪ್ರಸಾದ. ಅಕ್ಕಿ ಕಡಮೆಯಾಗಿ ಗೋಧಿ ಬಂದಾಗ ಚಪಾತಿಯ ಹದವನ್ನು ಕಲಿತವರು ನಮ್ಮ ಅಜ್ಜಿಯಂದಿರು. ಕೈಮುಷ್ಟಿಯ ಲೆಕ್ಕದಲ್ಲಿ ಅಕ್ಕಿ ತೊಳೆಯುವುದು, ನಂಟರು ಬಂದರೆ ಎರಡು ದಿನದ ಪಡಿಯನ್ನು ಒಂದು ದಿನಕ್ಕೆ ಹಾಕಿ ಮರುದಿನ ಗೆಣಸಿನಲ್ಲಿ ಸುಧಾರಿಸುವುದು, ತಮ್ಮ ಪಾಲನ್ನು ಮಕ್ಕಳ ಎಲೆಗೆ ಸರಿಸಿ ‘ನನಗೆ ಹಸಿವಿಲ್ಲ’ ಎನ್ನುವುದು, ಇದೆಲ್ಲ ಯಾವ ಸರಕಾರಿ ವರದಿಯಲ್ಲಿಯೂ ಬಾರದ ಚರಿತ್ರೆ. ಅಭಾವ ಹೊಸ ತಿಂಡಿಗಳನ್ನೂ ಹುಟ್ಟಿಸಿತು; ಯುದ್ಧಕಾಲದಲ್ಲಿ ಅಕ್ಕಿ ಸಿಗದಿದ್ದಾಗ ರವೆಯಿಂದ ಇಡ್ಲಿ ಮಾಡಿದೆವೆಂದು ಬೆಂಗಳೂರಿನ ಎಂ.ಟಿ.ಆರ್. ನವರು ಹೇಳಿಕೊಳ್ಳುತ್ತಾರೆ. ಮುಂಬಯಿಯಲ್ಲಿ ಎ. ರಾಮ ನಾಯಕರು ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ಆರಂಭಿಸಿದ್ದು 1942ರಲ್ಲಿ, ಅಂದರೆ ರೇಷನ್ನಿಗೆ ಒಂದು ವರ್ಷ ಮೊದಲು. ಮನೆಮಠವಿಲ್ಲದ ಒಂಟಿ ದುಡಿಮೆಗಾರನಿಗೆ ಇಂಥ ಬೋರ್ಡಿಂಗುಗಳು ಅನ್ನ ಕೊಟ್ಟವು. ಹೋಟೆಲಿನ ಬೆಂಚಿನ ಮೇಲೆಯೇ ಮಲಗುವ ಹುಡುಗನಿಗೆ ವಿಳಾಸವೆಂಬುದು ಎಲ್ಲಿಂದ ಬಂದೀತು? ಅಂಥವರಿಗೆ ಮಾಲಿಕನ ಅಡಿಗೆಮನೆಯೇ ರೇಷನ್.

ಕಂಟ್ರೋಲು ಹೋಯಿತು, ಬಂತು

ಸ್ವಾತಂತ್ರ್ಯ ಬಂದಮೇಲೆ ಕಂಟ್ರೋಲು ತೆಗೆಯಬೇಕೆಂಬ ಕೂಗೆದ್ದಿತು. ಅದು ಲಂಚವನ್ನೂ ಕಾಳಸಂತೆಯನ್ನೂ ಬೆಳೆಸುತ್ತದೆಂದು ಗಾಂಧೀಜಿಯವರೂ ಹೇಳಿದರು. 1947ರ ಡಿಸೆಂಬರಿನಿಂದ ನಿಯಂತ್ರಣ ಸಡಿಲವಾಯಿತು, ಬೆಲೆಗಳು ನೆಗೆದವು, 1948ರಲ್ಲಿ ಮತ್ತೆ ಬಿಗಿಮಾಡಬೇಕಾಯಿತು. ಬೆಳೆ ಚೆನ್ನಾದ ಮೇಲೆ ರಫಿ ಅಹಮದ್ ಕಿದ್ವಾಯಿಯವರು ಆಹಾರ ಮಂತ್ರಿಗಳಾಗಿದ್ದಾಗ, 1954ರೊಳಗೆ, ಅದನ್ನು ಹಂತಹಂತವಾಗಿ ಕಳಚಿದರು. ಆ ನೆಮ್ಮದಿ ಹೆಚ್ಚು ಕಾಲ ಉಳಿಯಲಿಲ್ಲ. 1957ರಲ್ಲಿ ಅಶೋಕ ಮೆಹತಾ ಸಮಿತಿ ಬೆಲೆಗಳ ವಿಚಾರಣೆಗೆ ಕುಳಿತಿತು. ನ್ಯಾಯಬೆಲೆ ಅಂಗಡಿಗಳು ಹೆಚ್ಚಿದವು. ಅಮೆರಿಕದ ಗೋಧಿ ಹಡಗುಗಳಲ್ಲಿ ಬರತೊಡಗಿತು.

ಈ ನಡುವೆ 1956ರ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಆ ಹರ್ಷದಲ್ಲಿ ಒಂದು ಸಣ್ಣ ಸಂಗತಿಯನ್ನು ಯಾರೂ ಲೆಕ್ಕಿಸಲಿಲ್ಲ. ಅಂದಿನಿಂದ ಧಾರವಾಡದವನ ಊರು ಒಂದು ಸರಕಾರದ ಕೆಳಗೆ, ಅವನು ದುಡಿಯುವ ನಗರ ಮತ್ತೊಂದು ಸರಕಾರದ ಕೆಳಗೆ ಆದವು. 1957ರಲ್ಲಿ ಆಂಧ್ರ, ಮದರಾಸು, ಮೈಸೂರು, ಕೇರಳಗಳನ್ನು ಕೂಡಿಸಿ ದಕ್ಷಿಣದ ಅಕ್ಕಿ ವಲಯವನ್ನು ರಚಿಸಿದಾಗ ಮುಂಬಯಿ ಆ ವಲಯದ ಹೊರಗುಳಿಯಿತು. ಊರಿನ ಗದ್ದೆಯಲ್ಲಿ ಬೆಳೆದ ಅಕ್ಕಿ ವಲಯದ ಗಡಿ ದಾಟಲು ಕಾನೂನು ಅಡ್ಡಬಂತು. ಭಾಷೆ ನಮ್ಮನ್ನು ಒಂದು ನಾಡಿಗೆ ಸೇರಿಸಿತು. ಪಡಿ ಇನ್ನೊಂದು ನಾಡಿಗೆ ಸೇರಿಸಿತು. ಇಂದಿಗೂ ನಮ್ಮ ಸಂಸಾರಗಳ ಅನೇಕ ತೊಡಕುಗಳ ಬೇರು ಇಲ್ಲಿದೆ.

1963ರಲ್ಲಿ ಮುಂಬಯಿಯ ಸೂಚ್ಯಂಕದ ಬಗ್ಗೆಯೇ ದೊಡ್ಡ ಚಳವಳಿಯಾಯಿತು. ಮನೆಯಲ್ಲಿ ಖರ್ಚು ಏರಿದಷ್ಟು ಆ ಅಂಕಿ ಏರುತ್ತಿಲ್ಲ, ಆದಕಾರಣ ಭತ್ಯೆ ಕಡಮೆ ಬೀಳುತ್ತಿದೆ ಎಂದು ಕಾರ್ಮಿಕರು ದೂರಿದರು. ಆಗಸ್ಟ್ 20ರಂದು ನಗರ ಬಂದ್ ಆಯಿತು. ಮಹಾರಾಷ್ಟ್ರ ಸರಕಾರ ಪ್ರೊಫೆಸರ್ ಲಕಡಾವಾಲಾ ಅವರ ಸಮಿತಿಯನ್ನು ನೇಮಿಸಿತು; ಸಮಿತಿಯು ಲೆಕ್ಕವನ್ನು ತಿದ್ದಿತು; ಭತ್ಯೆ ಹೆಚ್ಚಿತು. ಸೂಚ್ಯಂಕವೆಂಬುದು ಪಂಡಿತರ ಕೋಣೆಯ ವಿಷಯವಲ್ಲ, ಗೃಹಿಣಿಯ ಡಬ್ಬಿಯ ವಿಷಯ ಎಂದು ಆಗ ಎಲ್ಲರಿಗೂ ಮನವರಿಕೆಯಾಯಿತು.

1964-65ರಲ್ಲಿ 8 ಕೋಟಿ 90 ಲಕ್ಷ ಟನ್ನಿನಷ್ಟಿದ್ದ ದೇಶದ ಧಾನ್ಯದ ಬೆಳೆ ಮರುವರ್ಷ 7 ಕೋಟಿ 20 ಲಕ್ಷ ಟನ್ನಿಗೆ ಕುಸಿಯಿತು. ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಸೋಮವಾರದ ಸಂಜೆಯ ಊಟ ಬಿಡಿರೆಂದು ಕೇಳಿಕೊಂಡಾಗ ಹೋಟೆಲುಗಳೂ ಆ ಹೊತ್ತು ಬಾಗಿಲು ಹಾಕಿದವು. 1965ರಲ್ಲಿ ಭಾರತ ಆಹಾರ ನಿಗಮವೂ ಕೃಷಿ ಬೆಲೆಗಳ ಆಯೋಗವೂ ಸ್ಥಾಪಿತವಾದವು. ರೈತನಿಗೆ ಗೊತ್ತಾದ ಬೆಲೆ ಕೊಟ್ಟು ಕೊಳ್ಳುವುದು, ದಾಸ್ತಾನಿಡುವುದು, ನ್ಯಾಯಬೆಲೆ ಅಂಗಡಿಯಲ್ಲಿ ಅದಕ್ಕಿಂತ ಅಗ್ಗವಾಗಿ ಮಾರುವುದು, ನಡುವಿನ ನಷ್ಟವನ್ನು ಬೊಕ್ಕಸ ಹೊರುವುದು ಎಂಬ ಇಂದಿನ ಏರ್ಪಾಡು ಆಗ ನೆಲೆಗೊಂಡಿತು. 1966ರಲ್ಲಿ ಹೊರದೇಶಗಳಿಂದ ಕೋಟಿ ಟನ್ನಿಗೂ ಮೇಲೆ ಧಾನ್ಯ ತರಿಸಬೇಕಾಯಿತು. ಆಗಿನ ಅಮೆರಿಕದ ಕೆಂಪು ಜೋಳದ ರೊಟ್ಟಿಯ ರುಚಿಯನ್ನು ಹಿರಿಯರು ಇನ್ನೂ ಮರೆತಿಲ್ಲ.

1972-73ರ ಬರದಲ್ಲಿ ಮತ್ತೆ ಬೆಲೆಗಳು ಏರಿದವು. ಆಗ ಮೃಣಾಲ್ ಗೋರೆ, ಅಹಿಲ್ಯಾ ರಾಂಗಣೇಕರ್ ಮೊದಲಾದವರ ಮುಂದಾಳುತನದಲ್ಲಿ ಮುಂಬಯಿಯ ಗೃಹಿಣಿಯರು ಲಟ್ಟಣಿಗೆ ಹಿಡಿದು ಬೀದಿಗಿಳಿದರು. ಅದುವರೆಗೆ ತುಟ್ಟಿಯ ಹೋರಾಟವೆಂದರೆ ಗಿರಣಿಯ ಬಾಗಿಲಲ್ಲಿ ಗಂಡಸರ ಹೋರಾಟ. ಇದು ಅಡಿಗೆಮನೆಯಿಂದ ಎದ್ದು ಬಂದದ್ದು. ರೇಷನ್ ಅಂಗಡಿಯಲ್ಲಿ ಎಣ್ಣೆ, ಸಕ್ಕರೆ, ಸೀಮೆಎಣ್ಣೆ ಸರಿಯಾಗಿ ಬರಲಿ ಎಂಬುದೇ ಅವರ ಮುಖ್ಯ ಬೇಡಿಕೆಗಳಲ್ಲಿ ಒಂದಾಗಿತ್ತು.

ಎಲ್ಲರ ಕಾರ್ಡಿನಿಂದ ಬಣ್ಣಬಣ್ಣದ ಕಾರ್ಡಿಗೆ

1983ರಲ್ಲಿ ಆಂಧ್ರದ ಎನ್. ಟಿ. ರಾಮರಾಯರು ಕಿಲೋಗೆ 2 ರೂಪಾಯಿಯಂತೆ ಅಕ್ಕಿ ಕೊಡತೊಡಗಿದ ಮೇಲೆ ಅಗ್ಗದ ಅಕ್ಕಿ ಚುನಾವಣೆಯ ಮಾತೂ ಆಯಿತು. ಇನ್ನೊಂದು ಕಡೆ ಬೊಕ್ಕಸದ ಹೊರೆಯ ಚಿಂತೆ ಬೆಳೆದು, 1997ರ ಜೂನಿನಲ್ಲಿ ಕೇಂದ್ರ ಸರಕಾರ ಪಡಿತರವನ್ನು ಬಡತನದ ರೇಖೆಯ ಕೆಳಗಿನವರು, ಮೇಲಿನವರು ಎಂದು ಇಬ್ಭಾಗ ಮಾಡಿತು. ಮಹಾರಾಷ್ಟ್ರದಲ್ಲಿ 1999ರ ಮೇ 1ರಿಂದ ಮೂರು ಬಣ್ಣದ ಕಾರ್ಡುಗಳು ಬಂದವು. ವರ್ಷದ ಆದಾಯ 15,000 ರೂಪಾಯಿಯೊಳಗಿದ್ದ ಮನೆಗೆ ಹಳದಿ, ಲಕ್ಷದವರೆಗೆ ಕೇಸರಿ, ಮೇಲ್ಪಟ್ಟವರಿಗೆ ಬಿಳಿ.

ಹದಿನೈದು ಸಾವಿರವೆಂದರೆ ತಿಂಗಳಿಗೆ 1,250 ರೂಪಾಯಿ. ಮುಂಬಯಿಯಲ್ಲಿ ಒಂದು ಸಂಸಾರ ಅಷ್ಟರಲ್ಲಿ ಬದುಕುವುದುಂಟೆ? ಜೋಪಡಿಯಲ್ಲಿದ್ದವನೂ ಕಾಗದದ ಮೇಲೆ ಬಡವನಾಗಲಿಲ್ಲ. ಧಾರಾವಿಯಂಥ ಕಡೆಯಲ್ಲಿಯೂ ಹಳದಿ ಕಾರ್ಡು ಅಪರೂಪವೆಂದು ಅರ್ಥಶಾಸ್ತ್ರಜ್ಞೆ ಮಧುರಾ ಸ್ವಾಮಿನಾಥನ್ ತೋರಿಸಿದರು. ಯೋಗ್ಯರಲ್ಲದವರನ್ನು ಹೊರಗಿಡುವ ಹಟದಲ್ಲಿ ಯೋಗ್ಯರೂ ಹೊರಗಾದರು. ಅಂಗಡಿಗೆ ಬರುವವರು ಕಡಮೆಯಾದಂತೆ ಅಂಗಡಿಯ ಮೇಲೆ ಕಣ್ಣಿಡುವವರೂ ಕಡಮೆಯಾದರು. 1943ರ ಸಾಲಿನಲ್ಲಿ ಬಲ್ಲಿದರೂ ನಿಂತಿದ್ದರಿಂದ ಕಲ್ಲು ಬೆರೆತ ಅಕ್ಕಿಯ ಕೂಗು ಮಂತ್ರಿಯ ಕಿವಿಗೆ ಮುಟ್ಟುತ್ತಿತ್ತು. ಬಡವರಷ್ಟೇ ನಿಂತ ಸಾಲಿನ ಕೂಗು ಅಷ್ಟು ದೂರ ಹೋಗುವುದಿಲ್ಲ.

ಈ ಲೋಪವನ್ನು ಬಹುಮಟ್ಟಿಗೆ ತಿದ್ದಿದ್ದು 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ. ಹಳ್ಳಿಗಳಲ್ಲಿ ನೂರಕ್ಕೆ 75, ಪಟ್ಟಣಗಳಲ್ಲಿ ನೂರಕ್ಕೆ 50 ಮಂದಿಯವರೆಗೆ, ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಕಾನೂನಿನ ಹಕ್ಕಾಯಿತು. ಮನೆಯ ಹಿರಿಯ ಹೆಂಗಸಿನ ಹೆಸರಲ್ಲೇ ಕಾರ್ಡು ಇರಬೇಕೆಂದೂ ಅದು ವಿಧಿಸಿತು. ಎಪ್ಪತ್ತು ವರ್ಷ ಸಾಲಿನಲ್ಲಿ ನಿಂತವಳ ಹೆಸರು ಕೊನೆಗೂ ಕಾರ್ಡಿನ ಮೇಲ್ಸಾಲಿಗೆ ಬಂತು. 2023ರ ಜನವರಿಯಿಂದ ಈ ಧಾನ್ಯವನ್ನು ಬೆಲೆಯಿಲ್ಲದೆ ಕೊಡುವುದು ಮೊದಲಾಯಿತು.

ಕರ್ನಾಟಕದಲ್ಲಿ 2013ರ ಜುಲೈಯಲ್ಲಿ ಅನ್ನಭಾಗ್ಯ ಆರಂಭವಾಯಿತು. 2023ರಲ್ಲಿ ತಲೆಗೆ 10 ಕಿಲೋ ಎಂಬ ಭರವಸೆ ಬಂತು. ಹೆಚ್ಚಿನ 5 ಕಿಲೋ ಅಕ್ಕಿ ದೊರೆಯದಿದ್ದಾಗ ಅದೇ ಜುಲೈಯಿಂದ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಖಾತೆಗೆ ಹಾಕಿದರು; 2025ರ ಆರಂಭದಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡತೊಡಗಿದರು. ಇಲ್ಲೊಂದು ಲೆಕ್ಕ ಕುತೂಹಲದ್ದು. 1946ರ ಅಭಾವದಲ್ಲಿ ಇಳಿಸಿದ 12 ಔನ್ಸು ತಿಂಗಳಿಗೆ ಸುಮಾರು 10 ಕಿಲೋ ಆಗುತ್ತದೆ. ಅಂದು ಕಡಮೆಯಾಯಿತೆಂದು ಗೋಳಿಟ್ಟ ಅಳತೆ 2023ರಲ್ಲಿ ದೊಡ್ಡ ಭರವಸೆಯ ಅಳತೆಯಾಯಿತು. ಅಂದು ಅದರಾಚೆ ಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ, ಇಂದು ಪೇಟೆ ತೆರೆದಿದೆ ಎಂಬ ಭೇದವನ್ನು ಮರೆಯಬಾರದು. ಆದರೂ ಒಂದು ಹೊಟ್ಟೆಗೆ ಎಷ್ಟು ಬೇಕೆಂಬ ಅಳತೆ ಎಂಬತ್ತು ವರ್ಷಗಳಲ್ಲಿ ಬದಲಾಗಿಲ್ಲವಷ್ಟೆ.

ಧಾನ್ಯದ ಜೊತೆಗೆ ಹಣವೂ ಬಂದಿದೆ. ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯೆಂದು ಗೊತ್ತುಮಾಡಿತು. ಯಾರು ಮನೆಯೊಡತಿ ಎಂಬುದನ್ನು ಹೇಳುವುದು ರೇಷನ್ ಕಾರ್ಡು. ಮಹಾರಾಷ್ಟ್ರದಲ್ಲಿ 2024ರ ಜುಲೈಯಿಂದ ಲಾಡಕಿ ಬಹಿಣ್ ಯೋಜನೆಯಲ್ಲಿ 1,500 ರೂಪಾಯಿ. ಆದಾಯದ ಪ್ರಮಾಣಪತ್ರವಿಲ್ಲದವರಿಗೆ ಹಳದಿ ಅಥವಾ ಕೇಸರಿ ಕಾರ್ಡೇ ಆಧಾರವಾಯಿತು, ವಾಸದ ದಾಖಲೆಗೆ ಹದಿನೈದು ವರ್ಷ ಹಳೆಯ ಕಾರ್ಡೂ ನಡೆಯಿತು. ಹಣ ಪೇಟೆಯ ಬೆಲೆಯ ಜೊತೆ ಏರುವುದಿಲ್ಲ, ಧಾನ್ಯ ಏರಿದ ಬೆಲೆಯಲ್ಲಿಯೂ ಧಾನ್ಯವೇ. ಆದರೆ ಹಣದಿಂದ ಮಗುವಿನ ಔಷಧಿ ಬರುತ್ತದೆ, ಅಕ್ಕಿಯಿಂದ ಬರುವುದಿಲ್ಲ. ಎರಡೂ ಬೇಕೆಂಬುದು ನಮ್ಮ ಅಭಿಪ್ರಾಯ.

ಊರ ಕಾರ್ಡು, ನಗರದ ಹೊಟ್ಟೆ

2020ರ ಮಾರ್ಚ್ 25ರ ಲಾಕ್‌ಡೌನಿನಲ್ಲಿ ಹೋಟೆಲುಗಳು ಮುಚ್ಚಿದಾಗ, ಕಟ್ಟಡಗಳ ಕೆಲಸ ನಿಂತಾಗ, ನಮ್ಮ ಚರಿತ್ರೆಯ ಹಳೆಯ ಪ್ರಶ್ನೆ ಮರಳಿ ಎದ್ದು ನಿಂತಿತು. ಅನೇಕರ ಕಾರ್ಡು ಊರಿನಲ್ಲಿತ್ತು, ಹೊಟ್ಟೆ ಇಲ್ಲಿತ್ತು. ಎಲ್ಲಿಯೂ ಕಾರ್ಡಿಲ್ಲದ ಸುಮಾರು 8 ಕೋಟಿ ವಲಸಿಗರಿಗೆ ಎರಡು ತಿಂಗಳು 5 ಕಿಲೋ ಧಾನ್ಯ ಕೊಡುವುದಾಗಿ ಕೇಂದ್ರ ಸರಕಾರ ಸಾರಬೇಕಾಯಿತು. ‘ಒಂದು ದೇಶ, ಒಂದು ರೇಷನ್ ಕಾರ್ಡು’ ಎಂಬ ಏರ್ಪಾಡು 2019ರಲ್ಲಿಯೇ ಮೊದಲಾಗಿ, 2020ರ ಜನವರಿಯಲ್ಲಿ ಕರ್ನಾಟಕ ಮಹಾರಾಷ್ಟ್ರಗಳೆರಡನ್ನೂ ಒಳಗೊಂಡಿತ್ತು. 2021ರ ಜೂನಿನಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎಲ್ಲ ರಾಜ್ಯಗಳೂ ಜಾರಿಗೊಳಿಸಬೇಕೆಂದು ಆಜ್ಞಾಪಿಸಿತು; 2022ರ ಜೂನಿನೊಳಗೆ ದೇಶವೆಲ್ಲ ಅದರಲ್ಲಿ ಸೇರಿತು. ಇದರಂತೆ ಕೇಂದ್ರದ ಕಾಯಿದೆಯಲ್ಲಿ ಸೇರಿದ ಕರ್ನಾಟಕದ ಕಾರ್ಡಿನವರು ಮುಂಬಯಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳೊತ್ತಿ ತಮ್ಮ ಪಾಲನ್ನು ಪಡೆಯಬಹುದು. ಮನೆಯವರು ಊರಿನಲ್ಲಿ ತಮ್ಮ ಪಾಲನ್ನು ಬಿಡಿಸಿಕೊಳ್ಳಬಹುದು. ಆದರೆ ಹೀಗೆ ಗಡಿ ದಾಟುವುದು ಕೇಂದ್ರ ಕಾಯಿದೆಯ ಪಾಲು ಮಾತ್ರ. ರಾಜ್ಯ ಸರಕಾರಗಳು ತಾವಾಗಿ ಸೇರಿಸಿದ ಹೆಚ್ಚಳ ಆಯಾ ರಾಜ್ಯದ ಗಡಿಯಲ್ಲಿಯೇ ನಿಲ್ಲುತ್ತದೆ.

ಈ ಸೌಕರ್ಯ ನಮ್ಮ ಹೋಟೆಲು ಕೆಲಸಗಾರರಲ್ಲಿ, ಮನೆಗೆಲಸದ ಹೆಂಗಸರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ಕನ್ನಡ ಸಂಘಗಳು ಮಾಡಬಹುದಾದ ಕೆಲಸ ಇಲ್ಲಿದೆ. ಮುಂಬಯಿಯ ಕನ್ನಡಿಗರು ಹಗಲು ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆಗಳನ್ನು ನಡೆಸಿದವರು. ಮೊಗವೀರ ಬಂಧುಗಳ ರಾತ್ರಿಶಾಲೆ 1908ರಷ್ಟು ಹಿಂದಿನದು. ಅಕ್ಷರ ಕಲಿಸಿದ ಆ ಪರಂಪರೆಯೇ ಇಂದು ಅರ್ಜಿ ತುಂಬಿಸಿಕೊಡುವ ಕೆಲಸವನ್ನೂ ಕೈಗೊಳ್ಳಬಹುದು. ತಿಂಗಳಿಗೊಂದು ಭಾನುವಾರ ಸಂಘದ ಕಚೇರಿಯಲ್ಲಿ ಮರಾಠಿಯೂ ಕನ್ನಡವೂ ಬಲ್ಲ ಇಬ್ಬರು ಕುಳಿತು, ಕಾರ್ಡಿನಲ್ಲಿ ಹೆಸರು ಸೇರಿಸುವುದು, ತೆಗೆಸುವುದು, ವಿಳಾಸ ಬದಲಿಸುವುದು ಇವುಗಳಿಗೆ ನೆರವಾದರೆ ಅದು ಯಾವ ನಾಡಹಬ್ಬಕ್ಕೂ ಕಡಮೆಯ ಕನ್ನಡಸೇವೆಯಲ್ಲ.

ಇನ್ನೊಂದು ಬಿನ್ನಹ. ಮನೆಯಲ್ಲಿ ಹಿರಿಯರ ಕಾಲದ ರೇಷನ್ ಕಾರ್ಡು ಉಳಿದಿದ್ದರೆ ರದ್ದಿಗೆ ಹಾಕಬೇಡಿರಿ. ಅದರ ಒಂದು ಪ್ರತಿಯನ್ನು ತೆಗೆಯಿಸಿ ಸಂಘದಲ್ಲಿ ಇರಿಸಿರಿ. ಯಾವ ವರ್ಷ, ಯಾವ ಚಾಳು, ಎಷ್ಟು ಜನ, ಎಷ್ಟು ಅಕ್ಕಿ ಎಂದು ತಿಳಿದರೆ ಮುಂದೆ ಮುಂಬಯಿ ಕನ್ನಡಿಗರ ಚರಿತ್ರೆ ಬರೆಯುವವರಿಗೆ ಅದೇ ಶಾಸನವಾಗುತ್ತದೆ. ನಮ್ಮ ಹಿರಿಯರು ಈ ನಗರಕ್ಕೆ ಬಂದು ಉಂಡು, ದುಡಿದು, ಮಕ್ಕಳನ್ನು ಬೆಳೆಸಿ, ಇಲ್ಲಿಯವರೇ ಆದರು ಎಂಬುದಕ್ಕೆ ಆ ಹರಿದ ಕಾರ್ಡಿಗಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.